ಚೆಕ್ಕಿಗೆ ಸಹಿ ಊರಿನದು, ದರ ಬೆಂಗಳೂರಿನದು: ಕರ್ನಾಟಕದ ಸರ್ಕಾರಿ ಶಾಲೆ ಮತ್ತು ಎಸ್‌ಡಿಎಂಸಿ

ನೂರು ಮಕ್ಕಳು ಮೊಟ್ಟೆ ತಿನ್ನುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಲೆಕ್ಕ ನೋಡಿ. ದಿನಕ್ಕೆ ಮೂರು ಟ್ರೇ, ಅದರ ಮೇಲೆ ಹತ್ತು ಮೊಟ್ಟೆ. ಒಂದಕ್ಕೆ ಸರ್ಕಾರ ಕಟ್ಟಿದ ದರ ₹6. ಕೊಳ್ಳುವುದು, ಅಂಗಡಿಯಿಂದ ಒಡೆಯದಂತೆ ತರುವುದು, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಆ ಆರು ರೂಪಾಯಿಯೊಳಗೇ ಮುಗಿಯಬೇಕು. ಅಂಗಡಿಯಲ್ಲಿ ಬೆಲೆ ಆರೂವರೆಗೆ ಏರಿದ ದಿನ ಬರೀ ಖರೀದಿಯಲ್ಲೇ ₹50 ಕಡಿಮೆ ಬೀಳುತ್ತದೆ. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡು ಬಂದ ಮೇಲೆ ಆ ಕೊರತೆ ವಾರಕ್ಕೆ ₹300, ತಿಂಗಳಿಗೆ ₹1,200ರ ಮೇಲೆ. ಯಾವ ಅಂಗಡಿಯಲ್ಲಿ ಕೊಳ್ಳಬೇಕು, ಯಾರು ತರಬೇಕು, ಮೊಟ್ಟೆಯ ಬದಲು ಬಾಳೆಹಣ್ಣು ಕೇಳುವವರು ಎಷ್ಟು ಮಂದಿ ಎಂಬುದನ್ನೆಲ್ಲ ಶಾಲೆಯೇ ತೀರ್ಮಾನಿಸುತ್ತದೆ. ದರವನ್ನು ಎಂಟಾಣೆ ಏರಿಸುವ ಅಧಿಕಾರ ಮಾತ್ರ ಶಾಲೆಗಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಗಿಲ್ಲ (ಬಿಇಒ), ಜಿಲ್ಲಾ ಪಂಚಾಯ್ತಿಗೂ ಇಲ್ಲ. ಮಕ್ಕಳ ತಟ್ಟೆಗೆ ಮೊಟ್ಟೆ ಬೀಳಲೇಬೇಕಲ್ಲ, ಹಾಗಾಗಿ ಕೊರತೆಯ ಹಣ ಮುಖ್ಯ ಶಿಕ್ಷಕರ ಜೇಬಿನಿಂದ ಹೋಗುತ್ತದೆ.

ಕರ್ನಾಟಕ ತನ್ನ ಶಾಲೆಗಳ ಅಧಿಕಾರವನ್ನು ಬೆಂಗಳೂರಿನಿಂದ ಊರಿನತ್ತ ಇಳಿಸಲು ಹೊರಟು ನಾಲ್ಕು ದಶಕವಾಯಿತು. ಸುಮಾರು 46 ಸಾವಿರ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳು, 204 ಶೈಕ್ಷಣಿಕ ಬ್ಲಾಕ್‌ಗಳು, ಅವುಗಳ ಮೇಲೆ ಉಪನಿರ್ದೇಶಕರು, ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರು, ಬೆಂಗಳೂರಿನಲ್ಲಿ ಆಯುಕ್ತರು. ಇಷ್ಟು ದೊಡ್ಡ ಯಂತ್ರದಲ್ಲಿ ಏನು ಕೆಳಗೆ ಬಂತು, ಏನು ಮೇಲೆಯೇ ಉಳಿಯಿತು ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯನ್ನು ಮುಂದಿಟ್ಟುಕೊಂಡು ಇಲ್ಲಿ ನೋಡಿದ್ದೇವೆ. ನಮಗೆ ಕಂಡದ್ದು ಇಷ್ಟು: ಕೆಲಸ ಮತ್ತು ಹೊಣೆ ಶಾಲೆಯವರೆಗೆ ಬಂದಿವೆ, ಅವುಗಳ ಜೊತೆಗೆ ಬರಬೇಕಿದ್ದ ತೀರ್ಮಾನ ದಾರಿಯಲ್ಲೇ ಉಳಿದಿದೆ.

ಬಂದ ದಾರಿ

ಮೊದಲ ದೊಡ್ಡ ಹೆಜ್ಜೆ 1987ರದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯ್ತಿ ಸಚಿವರಾಗಿದ್ದಾಗ, 1983ರ ಕಾಯ್ದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಮುಖ್ಯ ಕಾರ್ಯದರ್ಶಿ. ಶಾಲೆಗಳು ಆ ಪರಿಷತ್ತಿನಡಿ ಬಂದವು. ಊರಿನ ಶಾಲೆಗೆ ಬೀಗ ಬಿದ್ದಿದ್ದರೆ ಯಾರನ್ನು ಕೇಳಬೇಕೆಂಬುದು ಜನರಿಗೆ ಮೊದಲ ಬಾರಿ ಗೊತ್ತಾದ ಕಾಲ ಅದು.

ಸಂವಿಧಾನದ 73ನೇ ತಿದ್ದುಪಡಿ ಬಂದು, ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಜಾರಿಯಾದಾಗ ಮೂರು ಹಂತಗಳು ಗಟ್ಟಿಯಾದವು. ಆದರೆ ಶಾಲೆಯ ಮಟ್ಟಿಗೆ ಅವುಗಳ ಒಳಗಿನ ತಿರುಳು ಕರಗಿತ್ತು. ಪ್ರಾಥಮಿಕ ಶಿಕ್ಷಕರ ಸಂಬಳ ತಾಲ್ಲೂಕು ಪಂಚಾಯ್ತಿಯ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ. ಆಯವ್ಯಯ ಪುಸ್ತಕ ತೆರೆದರೆ ಕೋಟಿಗಟ್ಟಲೆ ಹಣ ಪಂಚಾಯ್ತಿಯ ಕೈಯಲ್ಲಿ ಇರುವಂತೆ ಕಾಣುತ್ತದೆ. ಅದರಲ್ಲಿ ಒಂದು ರೂಪಾಯಿಯನ್ನೂ ಬೇರೆ ಕಡೆ ತಿರುಗಿಸಲು ಪಂಚಾಯ್ತಿಗೆ ಆಗುವುದಿಲ್ಲ. ಖಜಾನೆಯಿಂದ ಶಿಕ್ಷಕರ ಖಾತೆಗೆ ಹೋಗುವ ದಾರಿಯಲ್ಲಿ ಅದು ಒಂದು ನಿಲ್ದಾಣ, ಅಷ್ಟೇ. ವಿಕೇಂದ್ರೀಕರಣದ ಅಂಕಿಅಂಶ ಓದುವವರು ಎಡವುವ ಮೊದಲ ಜಾಗ ಇದು.

ಎರಡನೆಯ ಹೆಜ್ಜೆ 2001ರ ಏಪ್ರಿಲ್‌ನಲ್ಲಿ. ಎಸ್.ಎಂ. ಕೃಷ್ಣ ಸರ್ಕಾರ ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ರಚಿಸಿದ್ದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲೆಗೊಂದು ಎಸ್‌ಡಿಎಂಸಿ ಬಂತು. ವ್ಯತ್ಯಾಸ ಸಣ್ಣದಲ್ಲ. ಗ್ರಾಮ ಶಿಕ್ಷಣ ಸಮಿತಿಯಲ್ಲಿ ಊರಿನ ಹಿರಿಯರಿದ್ದರು, ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕೆಂದಿರಲಿಲ್ಲ. ಎಸ್‌ಡಿಎಂಸಿಯಲ್ಲಿ ಮಕ್ಕಳನ್ನು ಅದೇ ಶಾಲೆಗೆ ಕಳಿಸುವ ತಂದೆತಾಯಂದಿರು ತಮ್ಮೊಳಗಿಂದಲೇ ಒಂಬತ್ತು ಮಂದಿಯನ್ನು ಆರಿಸಿದರು. ಅಧ್ಯಕ್ಷರೂ ಅವರಲ್ಲೇ ಒಬ್ಬರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಗೌಡರ ಮಕ್ಕಳು ಆಗಲೇ ಪೇಟೆಯ ಕಾನ್ವೆಂಟಿಗೆ ಹೋಗುತ್ತಿದ್ದ ಊರುಗಳಲ್ಲಿ, ಕೂಲಿಕಾರ ತಂದೆಯೊಬ್ಬ ಶಾಲೆಯ ಚೆಕ್ಕಿಗೆ ಸಹಿ ಹಾಕುವಂತಾಯಿತು.

2006ರಲ್ಲಿ ಮಾದರಿ ಉಪವಿಧಿಗಳ ಮೂಲಕ ಈ ಸಮಿತಿಗಳನ್ನು ಪಂಚಾಯತ್ ರಾಜ್ ಕಾಯ್ದೆಯಡಿ ತರಲಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದರ 21ನೇ ಕಲಮು ಕೇಳುವ ಶಾಲಾ ನಿರ್ವಹಣಾ ಸಮಿತಿಯೂ ಇದೇ ಆಯಿತು. ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ. ಇಂದಿಗೂ ಸಮಿತಿ ಕಾನೂನಿನಲ್ಲಿ ಗ್ರಾಮ ಪಂಚಾಯ್ತಿಯ ಕೂಸು, ನಡೆಯುವುದು ಬಿಇಒ ಕಚೇರಿಯ ಸುತ್ತೋಲೆಯಂತೆ. ಪದವಿಪೂರ್ವ ಕಾಲೇಜಿಗೆ ಹೋದರೆ ಇದೂ ಇಲ್ಲ. ಅಲ್ಲಿನ ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು.

ಅಧ್ಯಕ್ಷರ ಮಗು ಏಳನೇ ತರಗತಿ ಮುಗಿಸಿದಾಗ

ಸಮಿತಿ ಮುಗ್ಗರಿಸುವುದು ದೊಡ್ಡ ತತ್ವಗಳಲ್ಲಲ್ಲ, ಇಂಥ ಕಡೆ. ಮಗು ಶಾಲೆ ಬಿಟ್ಟರೆ ಪೋಷಕರ ಸದಸ್ಯತ್ವವೂ ಹೋಗುತ್ತದೆ. ಒಂದರಿಂದ ಏಳರವರೆಗಿನ ಶಾಲೆಯಲ್ಲಿ ಅಧ್ಯಕ್ಷರ ಮಗಳು ಏಪ್ರಿಲ್‌ನಲ್ಲಿ ಏಳನೇ ತರಗತಿ ಮುಗಿಸಿ ಟಿಸಿ ತೆಗೆದುಕೊಂಡಳು ಎನ್ನಿ. ಜೂನ್‌ನಲ್ಲಿ ಶಾಲೆ ತೆರೆದಾಗ, ಅಧ್ಯಕ್ಷರೂ ಮುಖ್ಯ ಶಿಕ್ಷಕರೂ ಕೂಡಿ ನಡೆಸುವ ಜಂಟಿ ಖಾತೆಗೆ ಸಹಿ ಹಾಕಲು ಅಧ್ಯಕ್ಷರೇ ಇಲ್ಲ. ಪೋಷಕರ ಸಭೆ ಕರೆಯಬೇಕು, ಹೊಸಬರನ್ನು ಆರಿಸಬೇಕು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಹಾಜರಿದ್ದವರ ಸಹಿ ತೆಗೆದುಕೊಳ್ಳಬೇಕು, ಠರಾವಿನ ಪ್ರತಿಯನ್ನು ಬ್ಯಾಂಕಿಗೆ ಕೊಡಬೇಕು, ಹೊಸ ಅಧ್ಯಕ್ಷರ ಆಧಾರ್, ಪ್ಯಾನ್, ಫೋಟೊ ಒದಗಿಸಬೇಕು. ಅವರ ಬಳಿ ಪ್ಯಾನ್ ಕಾರ್ಡೇ ಇಲ್ಲದಿದ್ದರೆ ಅದನ್ನೂ ಮಾಡಿಸಬೇಕು. ಶಾಲೆಯ ಖರ್ಚು ಅತಿ ಹೆಚ್ಚಿರುವ ಜೂನ್, ಜುಲೈ ತಿಂಗಳುಗಳು ಹೀಗೆ ಬ್ಯಾಂಕಿನ ಬಾಗಿಲಲ್ಲೇ ಕಳೆದುಹೋಗುತ್ತವೆ.

ಇದಕ್ಕೆ ಮದ್ದು ಸರಳ. ಅಧ್ಯಕ್ಷರನ್ನು ಆರಿಸುವಾಗ ಅವರ ಮಗು ಎಷ್ಟನೇ ತರಗತಿ ಎಂದು ಮೊದಲು ನೋಡಬೇಕು. ಮೂರು ವರ್ಷದ ಅವಧಿ ಮುಗಿಯುವವರೆಗೆ ಮಗು ಅದೇ ಶಾಲೆಯಲ್ಲಿರಬೇಕಾದರೆ ಅದು ಐದನೇ ತರಗತಿ ದಾಟಿರಬಾರದು. ಎರಡನೆಯ ಅಥವಾ ಮೂರನೆಯ ತರಗತಿಯ ಮಗುವಿನ ಪೋಷಕರಾದರೆ ಇನ್ನೂ ಒಳ್ಳೆಯದು, ಅವಧಿ ಮುಗಿದ ಮೇಲೂ ಅನುಭವ ಶಾಲೆಯಲ್ಲೇ ಉಳಿಯುತ್ತದೆ.

ಸಭೆಯ ಹೊತ್ತೂ ಅಷ್ಟೇ ಮುಖ್ಯ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಿ ಒಂದು ದಿನದ ದುಡಿಮೆ ಬಿಟ್ಟು ಬರಬೇಕು. ಎರಡು ಸಲ ಬಂದಾಳು, ಮೂರನೆಯ ಸಲ ನಡಾವಳಿ ಪುಸ್ತಕವೇ ಅವಳ ಮನೆಗೆ ಹೋಗಿ ಸಹಿ ತರುತ್ತದೆ. ಅಲ್ಲಿಗೆ ಸಮಿತಿ ಕಾಗದದ ಮೇಲೆ ಮಾತ್ರ ಉಳಿಯಿತು. ಸೋಮವಾರ ಎತ್ತಿಗೆ ನೊಗ ಹೂಡದ ಊರುಗಳಲ್ಲಿ ಸೋಮವಾರ ಸಂಜೆ, ಅಮಾವಾಸ್ಯೆಗೆ ಹೊಲದ ಕೆಲಸ ನಿಲ್ಲಿಸುವ ಕಡೆ ಆ ದಿನ ಸಭೆ ಇಟ್ಟರೆ ಹಾಜರಾತಿ ತಾನಾಗಿ ಏರುತ್ತದೆ. ಅಧ್ಯಕ್ಷೆಯ ಬದಲು ಆಕೆಯ ಗಂಡ ಬಂದು ಕುರ್ಚಿಯಲ್ಲಿ ಕೂರುವುದನ್ನು ಮುಖ್ಯ ಶಿಕ್ಷಕರು ಮೊದಲ ಸಭೆಯಲ್ಲೇ ತಡೆಯಬೇಕು. ಮೊದಲ ದಿನ ಸಂಕೋಚಪಟ್ಟು ಸುಮ್ಮನಾದರೆ ಮುಂದೆ ತಡೆಯಲು ಆಗುವುದಿಲ್ಲ.

ಇಪ್ಪತ್ತೈದು ಸಾವಿರ

ಶಾಲೆಗೆ ನೇರವಾಗಿ ಬರುವ ಮುಖ್ಯ ಹಣ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ. 2018ರ ಚೌಕಟ್ಟಿನಲ್ಲಿ ಅದು ಮಕ್ಕಳ ಸಂಖ್ಯೆಯ ಮೇಲೆ ನಿಂತಿತು: ನೂರರವರೆಗೆ ₹25,000, ಅಲ್ಲಿಂದ 250ರವರೆಗೆ ₹50,000, ಸಾವಿರದವರೆಗೆ ₹75,000, ಸಾವಿರ ದಾಟಿದರೆ ₹1 ಲಕ್ಷ. ಹದಿನೈದಕ್ಕಿಂತ ಹೆಚ್ಚಿಲ್ಲದ ಪುಟ್ಟ ಶಾಲೆಗೆ ಆಗ ₹12,500. ಇದರಲ್ಲಿ ಶೇ. 10 ಸ್ವಚ್ಛತೆಗೇ ಹೋಗಬೇಕು.

ಮೆಟ್ಟಿಲುಗಳ ನಡುವಿನ ಅನ್ಯಾಯ ಗಮನಿಸಿ. 40 ಮಕ್ಕಳ ಶಾಲೆಗೂ 100 ಮಕ್ಕಳ ಶಾಲೆಗೂ ಒಂದೇ ಮೊತ್ತ. ನೂರೊಂದನೆಯ ಮಗು ಸೇರಿದರೆ ಅದು ದುಪ್ಪಟ್ಟು. 90 ಮಕ್ಕಳ ಶಾಲೆಯಲ್ಲಿ ₹2,500 ಫಿನಾಯಿಲ್, ಬ್ರಷ್, ಸೋಪಿಗೆ ತೆಗೆದಿಟ್ಟರೆ ಉಳಿಯುವುದು ₹22,500, ಅಂದರೆ ತಿಂಗಳಿಗೆ ₹1,875. ಸೀಮೆಸುಣ್ಣ, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆ ಜೆರಾಕ್ಸ್, ಒಡೆದ ಹೆಂಚು, ಕೆಟ್ಟ ನಲ್ಲಿ, ರಾಷ್ಟ್ರೀಯ ಹಬ್ಬದ ಸಿಹಿ ಎಲ್ಲವೂ ಇಷ್ಟರಲ್ಲೇ. ವಿದ್ಯುತ್ ಮತ್ತು ನೀರಿನ ಬಿಲ್ಲೂ ಇದರೊಳಗಿತ್ತು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಅವೆರಡನ್ನೂ ಉಚಿತವೆಂದು ಸಾರಿದ್ದು ಸಣ್ಣ ಶಾಲೆಗಳ ಪಾಲಿಗೆ ನಿಜವಾದ ಉಸಿರು.

ಮೊತ್ತಕ್ಕಿಂತ ದೊಡ್ಡ ಬದಲಾವಣೆ ಹಣ ಹರಿಯುವ ರೀತಿಯಲ್ಲಾಯಿತು. ಮೊದಲು ಅನುದಾನ ಎಸ್‌ಡಿಎಂಸಿಯ ಜಂಟಿ ಖಾತೆಗೆ ಬಂದು ಅಲ್ಲೇ ಕೂರುತ್ತಿತ್ತು. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಏಕ ನೋಡಲ್ ಖಾತೆಯ ಪದ್ಧತಿ ತಂದಿತು. ಯೋಜನೆಗೆ ರಾಜ್ಯದಲ್ಲಿ ಒಂದೇ ಖಾತೆ, ಶಾಲೆಯದು ಅದರ ಕೆಳಗಿನ ಶೂನ್ಯ ಶಿಲ್ಕಿನ ಖಾತೆ. ಶಾಲೆಗೆ ಸಿಗುವುದು ಖರ್ಚಿನ ಮಿತಿ, ಹಣವಲ್ಲ. ಬಿಲ್ಲನ್ನು ಸರ್ಕಾರಿ ಹಣ ಪಾವತಿಯ ಪಿಎಫ್‌ಎಂಎಸ್ ತಂತ್ರಾಂಶದಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿದ ಮೇಲೆ ಹಣ ಮಾರಾಟಗಾರರ ಖಾತೆಗೆ ನೇರ ಹೋಗುತ್ತದೆ.

ಕೇಂದ್ರದ ಕಣ್ಣಿನಿಂದ ಇದು ಒಳ್ಳೆಯದೇ. ಸಾವಿರಾರು ಖಾತೆಗಳಲ್ಲಿ ಖರ್ಚಾಗದೆ ಮಲಗಿದ್ದ ಹಣ ಕಣ್ಣಿಗೆ ಬಿತ್ತು. ಶಾಲೆಯ ಅಂಗಳದಲ್ಲಿ ನಿಂತರೆ ಬೇರೆಯೇ ಕಾಣುತ್ತದೆ. ಮಳೆಗೆ ಹೆಂಚು ಸರಿದಿದೆ, ಊರಿನ ಗಾರೆ ಕೆಲಸದವರು ₹800ಕ್ಕೆ ಅಂದೇ ಹೊದಿಸಿ ಕೊಡುತ್ತಾರೆ. ಆದರೆ ಅವರ ಹೆಸರು ತಂತ್ರಾಂಶದಲ್ಲಿಲ್ಲ. ಅವರನ್ನು ಸೇರಿಸಬೇಕು, ಖಾತೆ ತಾಳೆಯಾಗಬೇಕು, ಮಿತಿ ಬಿಡುಗಡೆಯಾಗಿರಬೇಕು. ಅಷ್ಟು ಹೊತ್ತಿಗೆ ಕೋಣೆ ನೆನೆದಿರುತ್ತದೆ. ಹೀಗಾಗಿ ಕೆಲಸ ಊರಿನವರ ಕೈತಪ್ಪಿ, ಬಿಲ್ ಪುಸ್ತಕ, ಜಿಎಸ್‌ಟಿ ಸಂಖ್ಯೆ ಎಲ್ಲ ಇರುವ ಪೇಟೆಯ ಅಂಗಡಿಗೆ ಹೋಗುತ್ತದೆ. ಮಾರ್ಚ್ 31ಕ್ಕೆ ಮಿತಿ ಮುಗಿಯುತ್ತದೆ. ಕಂತು ತಡವಾಗಿ ಬಂದ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ಬೇಕಾದ್ದಕ್ಕಿಂತ ಸಿಕ್ಕಿದ್ದನ್ನು ಕೊಳ್ಳುವ ಧಾವಂತ. ಅನೇಕ ಶಾಲೆಗಳ ಬೀರುವಿನಲ್ಲಿ ಕಾಣುವ, ಯಾರೂ ಬಳಸದ ಸಾಮಾನು ಇಂಥ ಮಾರ್ಚ್‌ಗಳ ಗುರುತು.

ಶೂ ಖರೀದಿ

ಸಮಿತಿ ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಶೂ ಕೊಂಡ ಕಡತ ತೆರೆದು ನೋಡಿ. ವಿದ್ಯಾವಿಕಾಸ ಯೋಜನೆಯಲ್ಲಿ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ. ದರ 1ರಿಂದ 5ನೇ ತರಗತಿಗೆ ₹265, 6ರಿಂದ 8ಕ್ಕೆ ₹295, 9 ಮತ್ತು 10ಕ್ಕೆ ₹325. ಖರೀದಿ ಎಸ್‌ಡಿಎಂಸಿಯದು. 90 ಮಕ್ಕಳ ಶಾಲೆಯಲ್ಲಿ 60 ಮಂದಿ ಐದರೊಳಗೆ, 30 ಮಂದಿ ಆರು ಮತ್ತು ಏಳರಲ್ಲಿ ಇದ್ದರೆ ಲೆಕ್ಕ ₹15,900 ಮತ್ತು ₹8,850, ಒಟ್ಟು ₹24,750. ಇಡೀ ವರ್ಷದ ಶಾಲಾ ಅನುದಾನದಷ್ಟೇ ಹಣ ಒಂದೇ ಖರೀದಿಯಲ್ಲಿ.

ಸರಿಯಾದ ಕ್ರಮ ಹೀಗೆ. ಸಮಿತಿ ಸಭೆಯಲ್ಲಿ ಖರೀದಿಗೆಂದೇ ಮೂರು ನಾಲ್ಕು ಜನರನ್ನು ಗೊತ್ತುಮಾಡಿ, ಅವರಲ್ಲಿ ಒಬ್ಬರಾದರೂ ತಾಯಿ ಇರುವಂತೆ ನೋಡಿಕೊಳ್ಳುತ್ತದೆ. ಪ್ರತಿ ಮಗುವಿನ ಪಾದವನ್ನು ಹಾಳೆಯ ಮೇಲೆ ಇರಿಸಿ ಗೆರೆ ಎಳೆದು ಅಳತೆ ಬರೆದುಕೊಳ್ಳಬೇಕು, ಬೆರಳಿನ ಮುಂದೆ ಒಂದು ಬೆರಳು ಜಾಗ ಬಿಟ್ಟು. ಅಳತೆ ಜೂನ್‌ನಲ್ಲಿ ತೆಗೆದು ಶೂ ಸೆಪ್ಟೆಂಬರ್‌ನಲ್ಲಿ ಬಂದರೆ ಒಂದನೇ ತರಗತಿಯ ಕಾಲು ಅಷ್ಟರಲ್ಲಿ ಬೆಳೆದಿರುತ್ತದೆ. ಹಣ ಬಿಡುಗಡೆಯಾದ ಮೇಲೆಯೇ ಅಳತೆ ತೆಗೆಯುವುದು ಲೇಸು. ಕನಿಷ್ಠ ಮೂರು ಅಂಗಡಿಗಳಿಂದ ದರಪಟ್ಟಿ, ಜೊತೆಗೆ ನಮೂನೆಯ ಒಂದೊಂದು ಜೊತೆ ಶೂ. ಅಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿ ನೋಡಿದರೆ ಅಂಟಿಸಿದ್ದೋ ಹೊಲಿದದ್ದೋ ಗೊತ್ತಾಗುತ್ತದೆ. ಆರಿಸಿದ ನಮೂನೆಯನ್ನು ಮೊಹರು ಮಾಡಿ ಶಾಲೆಯಲ್ಲೇ ಇಟ್ಟುಕೊಂಡು, ಸರಕು ಬಂದಾಗ ತಾಳೆ ನೋಡಬೇಕು. ಹಂಚುವಾಗ ಮಗುವಿನ ಕಾಲಿಗೆ ಹಾಕಿಸಿ ನೋಡಿದ ಮೇಲೆ ಪೋಷಕರ ಸಹಿ. ಹಣ ಅಂಗಡಿಯ ಖಾತೆಗೆ, ನಗದಾಗಿ ಅಲ್ಲ.

ಕೆಡುವುದು ಎಲ್ಲಿ? ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಒಬ್ಬನೇ ಸರಬರಾಜುದಾರ ಗಾಡಿಯಲ್ಲಿ ಸರಕು ಹೊತ್ತು ಬಂದಾಗ. ಮೇಲಿನಿಂದ ಬಾಯಿಮಾತಿನ ಸೂಚನೆ ಇದೆ ಎಂದು ಅವನು ಹೇಳುತ್ತಾನೆ, ಮೂರು ಅಂಗಡಿಯ ದರಪಟ್ಟಿಗಳನ್ನೂ ಅವನೇ ತಂದಿರುತ್ತಾನೆ. ಆಗ ಸಮಿತಿಗೆ ಇರುವ ಆಯುಧ ಒಂದೇ, ನಡಾವಳಿ ಪುಸ್ತಕ. ‘ಸೂಚನೆ ಲಿಖಿತವಾಗಿ ಬಂದರೆ ಪರಿಶೀಲಿಸಲಾಗುವುದು’ ಎಂದು ಒಂದು ಸಾಲು ಬರೆದು ಎಲ್ಲರೂ ಸಹಿ ಹಾಕಿದರೆ ಬಾಯಿಮಾತಿನ ಸೂಚನೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಹೊಣೆ ಇಳಿಸುವ ನೆಪದಲ್ಲಿ ಖರ್ಚನ್ನೂ ಇಳಿಸುವ ಆಸೆ ಸರ್ಕಾರಕ್ಕೆ ಬಂದದ್ದುಂಟು. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ₹100 ದೇಣಿಗೆಯನ್ನು ಎಸ್‌ಡಿಎಂಸಿಗಳು ಸ್ವಇಚ್ಛೆಯ ಮೇಲೆ ಪಡೆಯಬಹುದೆಂದು ಸುತ್ತೋಲೆ ಹೊರಟಿತು. ಎಲ್ಲೆಡೆ ವಿರೋಧ ಎದ್ದು ಕೆಲವೇ ದಿನಗಳಲ್ಲಿ ಅದು ಹಿಂದಕ್ಕೆ ಹೋಯಿತು. ಹೋದದ್ದು ಸರಿ. ಎರಡು ಮಕ್ಕಳನ್ನು ಕಳಿಸುವ ಕೂಲಿಮನೆಗೆ ಅದು ತಿಂಗಳಿಗೆ ₹200, ಮತ್ತು ಕೊಡಲಾಗದವರ ಹೆಸರು ಊರಿಗೆಲ್ಲ ತಿಳಿಯುತ್ತದೆ.

ಶಿಕ್ಷಕರು ಯಾರ ಕೈಯಲ್ಲಿರಬೇಕು

ವಿಕೇಂದ್ರೀಕರಣವನ್ನು ಮೆಚ್ಚುವ ಅನೇಕರು ಶಿಕ್ಷಕರ ನೇಮಕ, ವರ್ಗಾವಣೆಯನ್ನೂ ಊರಿಗೆ ಕೊಡಿ ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರು ಅಂಕಗಳ ಆಧಾರದ ಮೇಲೆ ಲಕ್ಷದಷ್ಟು ಶಿಕ್ಷಕರನ್ನು ನೇಮಿಸಿದರು. ಲಂಚವಿಲ್ಲದೆ ನೌಕರಿ ಸಿಕ್ಕಿತೆಂದು ಅವರನ್ನು ಇಂದಿಗೂ ನೆನೆಯುವ ಮನೆಗಳಿವೆ. ಅದು ಸಾಧ್ಯವಾದದ್ದು ನಿಯಮ ಇಡೀ ರಾಜ್ಯಕ್ಕೆ ಒಂದೇ ಆಗಿದ್ದರಿಂದ. ವರ್ಗಾವಣೆಯೂ ಹಾಗೆಯೇ. 2007ರ ಕಾಯ್ದೆ, ಆಮೇಲೆ 2020ರ ಕಾಯ್ದೆ ಕೌನ್ಸೆಲಿಂಗನ್ನು ನಿಯಮಕ್ಕೆ ಕಟ್ಟಿದವು. ಶಾಲೆ ಪೇಟೆಗೆ ಎಷ್ಟು ಹತ್ತಿರ ಎಂಬುದರ ಮೇಲೆ ಎ, ಬಿ, ಸಿ ವಲಯ, ಸೇವಾವಧಿ, ಪತಿಪತ್ನಿ ಪ್ರಕರಣ ಎಲ್ಲಕ್ಕೂ ಲೆಕ್ಕವಿದೆ. ಪಟ್ಟಿ ತಡವಾಗುತ್ತದೆ, ತಕರಾರುಗಳೂ ಇವೆ. ಆದರೂ ಇನ್ನೂರು ಮನೆಯ ಊರಿನಲ್ಲಿ ಯಾವ ಜಾತಿಯ ಮೇಷ್ಟ್ರು ಇರಬೇಕೆಂದು ಊರೇ ತೀರ್ಮಾನಿಸುವುದಕ್ಕಿಂತ ಇದು ಎಷ್ಟೋ ಮೇಲು.

ಊರಿಗೆ ಇಲ್ಲದ್ದು ಬೇರೆ. ಮಕ್ಕಳ ಸಂಖ್ಯೆ ಕುಸಿಯಿತೆಂದು ಶಿಕ್ಷಕರನ್ನು ಹೆಚ್ಚುವರಿ ಎಂದು ಗುರುತಿಸುವಾಗ ಸಮಿತಿಯನ್ನು ಕೇಳುವುದಿಲ್ಲ. ಬಿಡುಗಡೆ ಆದೇಶ ಕೈಗೆ ಬಂದ ದಿನವೇ ಅಧ್ಯಕ್ಷರಿಗೆ ವಿಷಯ ಗೊತ್ತಾಗುತ್ತದೆ. ಹುದ್ದೆ ಖಾಲಿ ಬಿದ್ದ ಮೇಲೆ ಅತಿಥಿ ಶಿಕ್ಷಕರನ್ನು ಆರಿಸುವುದರಲ್ಲಿ ಮಾತ್ರ ಶಾಲೆಗೆ ಪಾಲಿದೆ. ಎಷ್ಟು ಮಂದಿ ಎಂಬುದು ಮೇಲಿನಿಂದ ಹಂಚಿಕೆಯಾಗಿ ಬರುತ್ತದೆ, ಗೌರವಧನವೂ ಅಲ್ಲೇ ಗೊತ್ತಾಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ ₹10,000 ಇದ್ದದ್ದಕ್ಕೆ 2025ರ ಬಜೆಟ್ಟಿನಲ್ಲಿ ₹2,000 ಸೇರಿತು. ಅಷ್ಟಕ್ಕೆ ಗಣಿತ, ವಿಜ್ಞಾನ ಕಲಿಸುವವರು ದೂರದ ಹಳ್ಳಿಗೆ ಸಿಗುವುದಿಲ್ಲ, ಸಿಕ್ಕವರು ನಡುವರ್ಷ ಬಿಡುತ್ತಾರೆ. ಆರಿಸುವ ಹಕ್ಕಿದ್ದೂ ಆರಿಸಲು ಜನರಿಲ್ಲದ ಸ್ಥಿತಿ.

ಯೋಜನೆ, ಮತ್ತು ಅದಕ್ಕೆ ಬಾರದ ಉತ್ತರ

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಈ ಇಡೀ ಪ್ರಕರಣದ ನಡುಗಂಬ. ಸಮಿತಿ ಶಾಲಾಭಿವೃದ್ಧಿ ಯೋಜನೆ ಮಾಡಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಈಗ ನಡೆಯುವುದು ತಿರುಗಾಮುರುಗಾ. ಶಾಲೆಗಳು ವರ್ಷವರ್ಷ ತುಂಬುವ ಯುಡೈಸ್ ಅಂಕಿಅಂಶದ ಮೇಲೆ ಮೊತ್ತ ಮೊದಲೇ ಗೊತ್ತಾಗಿರುತ್ತದೆ, ಬಾಬ್ತುಗಳ ಪಟ್ಟಿ ಸುತ್ತೋಲೆಯಲ್ಲಿ ಬರುತ್ತದೆ, ಅದಕ್ಕೆ ಹೊಂದುವಂತೆ ಯೋಜನೆ ಬರೆಯಲಾಗುತ್ತದೆ. ಕಳೆದ ವರ್ಷದ ಯೋಜನೆಯ ತಾರೀಖು ತಿದ್ದಿ ಕಳಿಸುವ ಶಾಲೆಗಳ ಮೇಲೆ ಸಿಟ್ಟಾಗುವ ಮೊದಲು, ಅವು ಹಿಂದೆ ಪ್ರಾಮಾಣಿಕವಾಗಿ ಬರೆದು ಕಳಿಸಿದ್ದಕ್ಕೆ ಉತ್ತರ ಬಂದಿತ್ತೇ ಎಂದು ಕೇಳಬೇಕು.

ವೇಳೆಯೂ ತಪ್ಪಿದೆ. ಹಣಕಾಸು ವರ್ಷ ಮುಗಿಯುವ ಮೂರು ತಿಂಗಳ ಮೊದಲು, ಅಂದರೆ ಡಿಸೆಂಬರ್‌ನೊಳಗೆ, ಯೋಜನೆ ಸಿದ್ಧವಾಗಬೇಕೆಂಬುದು ಕೇಂದ್ರದ ಮಾದರಿ ನಿಯಮ. ಪಂಚಾಯ್ತಿಯ ಉದ್ಯೋಗ ಖಾತರಿ ಕಾಮಗಾರಿಗಳ ಪಟ್ಟಿ ಅಕ್ಟೋಬರ್ 2ರ ಗ್ರಾಮಸಭೆಯಿಂದಲೇ ತಯಾರಾಗುತ್ತಿತ್ತು. ನರೇಗಾದಲ್ಲಿ ಕಾಂಪೌಂಡು, ಶೌಚಾಲಯ, ಆಟದ ಮೈದಾನ ಕಟ್ಟಿಸಿಕೊಂಡ ಶಾಲೆಗಳು ಸೆಪ್ಟೆಂಬರ್‌ನಲ್ಲೇ ಸಭೆ ಮಾಡಿ, ಠರಾವಿನ ಪ್ರತಿ ಮತ್ತು ಜಾಗದ ನಕ್ಷೆ ಹಿಡಿದು ಗ್ರಾಮಸಭೆಗೆ ಹೋದವು. ಡಿಸೆಂಬರ್‌ಗೆ ಕಾದವುಗಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ₹25,000ದ ಶಾಲೆಗೆ ಲಕ್ಷಗಟ್ಟಲೆ ಬೆಲೆಯ ಗೋಡೆ ಸಿಗುವ ದಾರಿ ಪಂಚಾಯ್ತಿ ಕಚೇರಿಯ ಮೂಲಕವೇ ಹೋಗುತ್ತದೆ.

ಹಾಗಾದರೆ ಕೆಳಗೆ ಬರಬೇಕಾದದ್ದು ಏನು? ಅನುದಾನದ ಕಾಲು ಭಾಗ ಯಾವ ಬಾಬ್ತಿಗೂ ಕಟ್ಟುಬೀಳದೆ ಬರಲಿ, ಊರಿನ ಗಾರೆಯವರಿಗೆ ಎರಡು ಸಾವಿರದವರೆಗೆ ನಡಾವಳಿಯ ಮೇಲೆ ಪಾವತಿ ಮಾಡುವ ಅವಕಾಶವಿರಲಿ. ಮಾರ್ಚ್‌ನಲ್ಲಿ ಉಳಿದ ಮಿತಿ ಒಂದು ವರ್ಷ ಮುಂದುವರಿಯಲಿ. ಮೊಟ್ಟೆಯ ದರವನ್ನು ಜಿಲ್ಲಾ ಮಟ್ಟದಲ್ಲಿ ಆ ತಿಂಗಳ ಸಗಟು ಬೆಲೆಗೆ ಜೋಡಿಸಿ ಬದಲಿಸಲಿ. ಜಂಟಿ ಖಾತೆಗೆ ಉಪಾಧ್ಯಕ್ಷರನ್ನು ಬದಲಿ ಸಹಿದಾರರನ್ನಾಗಿ ಮೊದಲ ದಿನವೇ ಸೇರಿಸಲಿ. ಇವು ಯಾವುದಕ್ಕೂ ಹೊಸ ಕಾಯ್ದೆ ಬೇಡ, ಆದೇಶ ಮತ್ತು ಬ್ಯಾಂಕಿನೊಂದಿಗೆ ಒಂದು ಒಪ್ಪಂದ ಸಾಕು.

ಇವುಗಳಲ್ಲಿ ಒಂದನ್ನೇ ಆರಿಸಬೇಕಾದರೆ ನಾವು ಕೇಳುವುದು ಬೇರೊಂದನ್ನು: ಶಾಲಾಭಿವೃದ್ಧಿ ಯೋಜನೆಯಲ್ಲಿ ಬರೆದ ಪ್ರತಿ ಬೇಡಿಕೆಗೂ ಬಿಇಒ ಕಚೇರಿ ಮೂವತ್ತು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೊಡುತ್ತೇವೆ, ಇಂಥ ತಿಂಗಳು. ಕೊಡುವುದಿಲ್ಲ, ಇಂಥ ಕಾರಣಕ್ಕೆ. ಆ ಕಾಗದವನ್ನು ಮುಂದಿನ ಸೋಮವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕಕ್ಕೆ ಅಂಟಿಸಬೇಕು.